ಲಕ್ವ ಹೊಡೆದಾಗ ಬಿ.ಪಿ. ನೋಡುವುದು

ನಮ್ಮ ತಾತನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಆಸ್ಪತ್ರೆಯಲ್ಲಿ ನರ್ಸಮ್ಮ ಚೆನ್ನಾಗಿದ್ದ ಎಡಗೈಗೇ ಪಟ್ಟಿ ಸುತ್ತಿ, ಕೈಯನ್ನು ಎದೆಯ ಮಟ್ಟಕ್ಕೆ ಇಟ್ಟು ಬಿ.ಪಿ. ನೋಡಿದರು. 190/100 ಇತ್ತು! ಸಾಮಾನ್ಯವಾಗಿ 120/80ರ ಹತ್ತಿರ ಇರಬೇಕಂತೆ.

“ಬೇಗ ಮಾತ್ರೆ ಕೊಡಿ ಡಾಕ್ಟ್ರೇ” ಅಂದರು ಅಪ್ಪ. “ಮೊದಲು ಸ್ಕ್ಯಾನ್ ಆಗ್ಲಿ” ಅಂದರು ಡಾಕ್ಟರು. ಯಾಕೆಂದರೆ ಮಿದುಳಿನಲ್ಲಿ ರಕ್ತನಾಳ ಒಡೆದಿದ್ದರೆ ಬಿ.ಪಿ. ಬೇಗ ಇಳಿಸಬೇಕು. ರಕ್ತ ಹೆಪ್ಪುಗಟ್ಟಿದ್ದರೆ ಒಮ್ಮೆಲೇ ಇಳಿಸಬಾರದು, ಮಿದುಳಿಗೆ ಹೋಗುವ ರಕ್ತ ಇನ್ನೂ ಕಡಿಮೆ ಆಗುತ್ತೆ. ತಾತನಿಗೆ ಆಗಿದ್ದು ಹೆಪ್ಪು.

ಹೆಪ್ಪು ಕರಗಿಸುವ ಇಂಜೆಕ್ಷನ್ ಉಂಟು. ಅದಕ್ಕೆ ಮೊದಲು ಬಿ.ಪಿ. 185/110ಕ್ಕಿಂತ ಕೆಳಗೆ ಬರಬೇಕು. ಕೊಟ್ಟ ಮೇಲೆ ಕಾಲು ಗಂಟೆಗೊಮ್ಮೆ ಬಿ.ಪಿ. ನೋಡುತ್ತಲೇ ಇರಬೇಕು. ಆದರೆ ಅದನ್ನು ಲಕ್ವ ಹೊಡೆದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ನಾವು ಬೆಳಗ್ಗೆಯಿಂದ ಸಂಜೆವರೆಗೆ ತಾತನ ಕೈಗೆ ಎಣ್ಣೆ ತಿಕ್ಕುತ್ತಾ ಮನೆಯಲ್ಲೇ ಕೂತಿದ್ದೆವು.