ಇರುಳೆಲ್ಲ ಸಾಲು ಹಿಡಿದು: ನೀಲಗಾರರ ತಂಬೂರಿ ಮೇಳ

ಗುಂಡ್ಲುಪೇಟೆ, ಚಾಮರಾಜನಗರದ ಕಡೆಯ ಹಳ್ಳಿಗಳಲ್ಲಿ ಮನೆಯ ಹಿರಿಯರೊಬ್ಬರ ತಿಥಿಯಾದರೆ, ಹರಕೆ ಹೊತ್ತು ಸಿದ್ದಪ್ಪಾಜಿಗೆ ಪರ ಎಂಬ ಊಟದ ಸೇವೆ ಮಾಡಿದರೆ, ನೆಂಟರಿಷ್ಟರು ಕೇಳುವ ಮಾತೊಂದಿದೆ: ‘ರಾತ್ರಿಗೆ ಕತೆ ಯಾರ‍್ದು?’ ಕತೆ ಎಂದರೆ ಇಲ್ಲಿ ತಂಬೂರಿ ಕತೆ. ಅದನ್ನು ಹಾಡುವವರು ನೀಲಗಾರರು. ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಜನ ಚಾಪೆಯ ಮೇಲೆ ಕೂರುವ ಹೊತ್ತಿಗೆ ಮೇಳದವರು ಶ್ರುತಿ ಮಾಡಿಕೊಳ್ಳಲು ಶುರು ಮಾಡುತ್ತಾರೆ. ಅಲ್ಲಿಂದ ಮುಂದೆ ಕೋಳಿ ಕೂಗುವ ತನಕ ಆ ಚಪ್ಪರದಡಿ ಕಲ್ಯಾಣಪಟ್ಟಣವಿರುತ್ತದೆ, ಹಲಗೂರಿನ ಕುಲುಮೆಯಿರುತ್ತದೆ, ಚಿಕ್ಕಲ್ಲೂರಿನ ಗದ್ದುಗೆಯಿರುತ್ತದೆ.

ಹಗಲಿನಲ್ಲಿ ಇವರಲ್ಲಿ ಎಷ್ಟೋ ಮಂದಿ ರೈತರು, ಕೂಲಿಯವರು. ತೆರಕಣಾಂಬಿಯ ಮಾರುಕಟ್ಟೆಗೆ ತರಕಾರಿ ಹೊರುವ, ಅರಿಶಿನದ ಹೊಲದಲ್ಲಿ ಬೆನ್ನು ಬಾಗಿಸುವ ಜೀವಗಳು. ರಾತ್ರಿಯಾದರೆ ಇವರ ನಾಲಗೆಯ ಮೇಲೆ ಸಾವಿರಾರು ಸಾಲಿನ ಮಹಾಕಾವ್ಯ. ಮೈಸೂರು, ಮಂಡ್ಯ, ಚಾಮರಾಜನಗರ ಸೀಮೆಯ ಹೊರಗೆ ಹೆಚ್ಚು ಮಂದಿ ಅರಿಯದಿದ್ದ ಈ ಗಾಯನ ಈಚಿನ ದಶಕಗಳಲ್ಲಿ ಕ್ಯಾಸೆಟ್ಟು, ಸಿನಿಮಾ, ರಂಗಭೂಮಿ, ಮೊಬೈಲುಗಳ ಮೂಲಕ ದೂರದವರೆಗೆ ಹೆಸರು ಮಾಡಿದೆ. ಹೆಸರು ಬೆಳೆಯುವ ಈ ಕಾಲದಲ್ಲೇ ಮೇಳವನ್ನು ಅದರ ಪೂರ್ತಿ ಎತ್ತರದಲ್ಲಿ ಪರಿಚಯ ಮಾಡಿಕೊಳ್ಳಬೇಕು.

ಮೇಳದ ಕಟ್ಟು

ಮೇಳ ಚಿಕ್ಕದು. ಮೂರರಿಂದ ಐದು ಜನ. ಮುಂದಾಳು ಗಾಯಕನ ಹೆಗಲಿಗೆ ತಂಬೂರಿ. ಒಂದು ಕೈಬೆರಳು ತಂತಿ ಮೀಟುತ್ತಿದ್ದರೆ ಇನ್ನೊಂದು ಕೈಯಲ್ಲಿ ಗಗ್ಗರ. ಒಳಗೆ ಹರಳು ತುಂಬಿದ ಲೋಹದ ಬಳೆಯಂಥ ವಾದ್ಯ ಅದು. ಒಬ್ಬನೇ ಮನುಷ್ಯ ಶ್ರುತಿಯನ್ನೂ ಲಯವನ್ನೂ ಕತೆಯನ್ನೂ ಒಟ್ಟಿಗೆ ನಡೆಸುತ್ತಾನೆ. ಅವನ ಪಕ್ಕದಲ್ಲಿ ಕೂತ ಹಿಮ್ಮೇಳದವರ ಕೈಯಲ್ಲಿ ದಮ್ಮಡಿ, ತಾಳ. ಚಳಿಗಾಲದ ಇರುಳಿನಲ್ಲಿ ಇಬ್ಬನಿ ಕುಡಿದು ದಮ್ಮಡಿಯ ಚರ್ಮ ಸಡಿಲಾದರೆ ದನಿ ಮಂಕಾಗುತ್ತದೆ. ಆಗ ಅದನ್ನು ಬೆಂಕಿಯ ಹತ್ತಿರ ಹಿಡಿದು, ಬೆರಳಿನಿಂದ ತಟ್ಟಿ ನೋಡಿ, ಮತ್ತೆ ಹಿಡಿದು, ದನಿ ಕೂಡಿದ ಮೇಲೆ ಕತೆಗೆ ಮರಳುತ್ತಾರೆ. ತಂಬೂರಿಯ ಬಿರಟೆಯನ್ನು ಇರುಳಿನಲ್ಲಿ ಎಷ್ಟೋ ಸಲ ತಿರುಗಿಸಬೇಕಾಗುತ್ತದೆ. ಈ ಬಿಡುವು ಕೇಳುಗರಿಗೂ ಬೇಕು. ಕಾಫಿ ಬರುತ್ತದೆ, ನಿದ್ದೆ ಹೋದ ಮಕ್ಕಳನ್ನು ಒಳಗೆ ಮಲಗಿಸಿ ಬರುತ್ತಾರೆ, ಕತೆ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಏಳುತ್ತದೆ.

ಹಾಡಿನ ನಡೆ ಹೀಗೆ. ಮುಂದಾಳು ಒಂದು ಸೊಲ್ಲು ಎತ್ತುತ್ತಾನೆ, ಹಿಮ್ಮೇಳ ಅದನ್ನು ಹಿಡಿದು ಮತ್ತೆ ಹಾಡುತ್ತದೆ. ಆ ಹೊತ್ತಿನಲ್ಲಿ ಮುಂದಾಳು ಉಸಿರು ತೆಗೆದುಕೊಂಡು ಮುಂದಿನ ಸಾಲನ್ನು ಕಟ್ಟಿಕೊಳ್ಳುತ್ತಾನೆ. ಕತೆಗೆ ತಿರುವು ಬಂದಾಗ ಹಾಡು ನಿಂತು ಮಾತು ಶುರುವಾಗುತ್ತದೆ. ಒಂದೇ ಗಂಟಲಿನಲ್ಲಿ ಗುರುವಿನ ಗದರಿಕೆ, ತಾಯಿಯ ಅಳು, ಕಾವಲಿನವನ ದರ್ಪ. ಹಿಮ್ಮೇಳದವನೊಬ್ಬ ‘ಹೌದು’ ಅನ್ನುತ್ತ, ನಡುವೆ ಪ್ರಶ್ನೆ ಕೇಳುತ್ತ ಕತೆಯನ್ನು ತಳ್ಳುತ್ತಾನೆ. ಮಾತು ಬಿಸಿಯೇರಿ ಇನ್ನು ಮಾತಿನಲ್ಲಿ ಹಿಡಿಯದು ಅನ್ನಿಸಿದಾಗ ದಮ್ಮಡಿ ಬೀಳುತ್ತದೆ, ಹಾಡು ಮತ್ತೆ ಏಳುತ್ತದೆ. ಎಲ್ಲಿ ಹಾಡಬೇಕು, ಎಲ್ಲಿ ಆಡಬೇಕು ಎಂಬುದನ್ನು ಯಾವ ಪುಸ್ತಕವೂ ಹೇಳಿಕೊಟ್ಟಿಲ್ಲ. ಮುಂದೆ ಕೂತವರ ಮುಖ ನೋಡಿ ಗಾಯಕ ತೀರ್ಮಾನಿಸುತ್ತಾನೆ. ಹೆಂಗಸರು ಕಣ್ಣೊರೆಸಿಕೊಂಡರೆ ಆ ಸನ್ನಿವೇಶ ಅರ್ಧ ಗಂಟೆ ಬೆಳೆಯುತ್ತದೆ, ಜನ ತೂಕಡಿಸಿದರೆ ನಗೆಯ ಪ್ರಸಂಗವೊಂದು ನುಗ್ಗುತ್ತದೆ. ನೀಲಗಾರನ ವಿದ್ಯೆಯ ತಿರುಳಿರುವುದು ಇಲ್ಲಿ.

ಹಾಡುವುದು ಯಾರ ಕತೆಯನ್ನು?

ಮಂಟೇಸ್ವಾಮಿಯ ಕತೆ. ಭಕ್ತರ ಬಾಯಲ್ಲಿ ಅವರು ‘ಧರೆಗೆ ದೊಡ್ಡವರು’, ‘ಪರಂಜ್ಯೋತಿ’. ಕಾವ್ಯ ಹಲವು ಸಾಲುಗಳಾಗಿ ಹರಡಿಕೊಂಡಿದೆ. ಒಂದೊಂದು ಸಾಲೂ ಒಂದೊಂದು ಇರುಳನ್ನು ತುಂಬುವಷ್ಟು ದೊಡ್ಡದು. ಕಲ್ಯಾಣದ ಸಾಲಿನಲ್ಲಿ ಮಂಟೇಸ್ವಾಮಿ ಬಸವಣ್ಣನ ಕಲ್ಯಾಣಕ್ಕೆ ಬರುತ್ತಾರೆ. ಬರುವ ವೇಷ ನೋಡಿ: ಹುಣ್ಣಾದ ಮೈ, ಹೊತ್ತು ತಂದ ಸತ್ತ ಕರು, ಸುತ್ತ ಹಬ್ಬುವ ನಾತ. ದಿನವೂ ಅಸಂಖ್ಯ ಜಂಗಮರಿಗೆ ದಾಸೋಹ ನಡೆಯುವ ಊರಿನಲ್ಲಿ ಈ ಮೈಯನ್ನು ಒಳಗೆ ಬಿಟ್ಟುಕೊಳ್ಳುವವರು ಎಷ್ಟು ಜನ ಎಂಬುದೇ ಪರೀಕ್ಷೆ. ಸಮಾನತೆಯ ಮಾತಾಡಿದವರನ್ನೇ ಸಮಾನತೆಯ ಒರೆಗಲ್ಲಿಗೆ ತಿಕ್ಕಿ ನೋಡುವ ಇಷ್ಟು ದಿಟ್ಟ ಪ್ರಸಂಗ ಕನ್ನಡದ ಶಿಷ್ಟ ಕಾವ್ಯದಲ್ಲೂ ಅಪರೂಪ. ಅದನ್ನು ಕಟ್ಟಿ ಕಾಪಾಡಿದವರು ಅಕ್ಷರದಿಂದ ದೂರವೇ ಉಳಿದ ಹಾಡುಗಾರರು.

ಸಿದ್ದಪ್ಪಾಜಿಯ ಸಾಲಿಗೆ ಜನ ಹೆಚ್ಚು ಕರಗುತ್ತಾರೆ. ನಿಡಘಟ್ಟದ ಆಚಾರಿ ಮನೆಯ ಹುಡುಗ ಕೆಂಪಾಚಾರಿಯನ್ನು ಮಂಟೇಸ್ವಾಮಿ ಶಿಶುಮಗನನ್ನಾಗಿ ಬೇಡುತ್ತಾರೆ. ಮಗನನ್ನು ಬಿಡಲೊಲ್ಲದ ತಂದೆತಾಯಿ, ಬಿಡದೆ ಕಾಡುವ ಗುರು. ಕೊನೆಗೆ ಅದೇ ಹುಡುಗ ಸಿದ್ದಪ್ಪಾಜಿಯಾಗಿ ಹಲಗೂರಿನ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆಗೆ ಹೋಗಬೇಕಾಗುತ್ತದೆ. ತಾನು ಹುಟ್ಟಿದ ಕುಲದವರ ಕುಲುಮೆಯ ಮುಂದೆಯೇ ಕಠಿಣ ಪರೀಕ್ಷೆಗಳಿಗೆ ಮೈಯೊಡ್ಡಿ, ಪವಾಡ ಗೆದ್ದು ಬರಬೇಕಾಗುತ್ತದೆ. ಮಂಟೇಸ್ವಾಮಿಯ ಶಿಷ್ಯರಾದ ರಾಚಪ್ಪಾಜಿ, ಚೆನ್ನಾಜಮ್ಮರ ಪ್ರಸಂಗಗಳು, ಕುಂತೂರು ಮಠದ ಪ್ರಸಂಗಗಳು ಬೇರೆ. ನಿಡಘಟ್ಟ, ಹಲಗೂರು, ಕುಂತೂರು ಎಲ್ಲವೂ ಇವತ್ತಿಗೂ ಬಸ್ಸು ನಿಲ್ಲುವ ಊರುಗಳು. ಕೇಳುಗ ತನ್ನ ನೆಂಟರ ಊರಿನ ಹೆಸರನ್ನು ಮಹಾಕಾವ್ಯದೊಳಗೆ ಕೇಳುತ್ತಾನೆ.

ದೀಕ್ಷೆ, ಗದ್ದುಗೆ, ಜಾತ್ರೆ

ನೀಲಗಾರನಾಗಲು ದೀಕ್ಷೆ ಬೇಕು. ಮನೆಯವರು ಹರಕೆ ಹೊತ್ತು ಮಗನೊಬ್ಬನನ್ನು ಗುರುಮನೆಗೆ ಒಪ್ಪಿಸುತ್ತಾರೆ. ಜೋಳಿಗೆ, ಜಾಗಟೆ, ನಾಗಬೆತ್ತ, ಹಣೆಗಿಡುವ ಕಪ್ಪು ಧೂಳ್ತ ಅವನ ಬಿರುದುಗಳು. ದಲಿತರು ಹೆಚ್ಚಿನ ಸಂಖ್ಯೆಯಲ್ಲಿದ್ದರೂ ಈ ದೀಕ್ಷೆ ಒಂದೇ ಜಾತಿಯ ಸೊತ್ತಲ್ಲ. ಬೇರೆ ಬೇರೆ ಕುಲದ ಒಕ್ಕಲುಗಳಿಂದ ನೀಲಗಾರರು ಬಂದಿದ್ದಾರೆ. ದೀಕ್ಷೆ ಪಡೆದವರೆಲ್ಲ ಹಾಡುಗಾರರಾಗುವುದಿಲ್ಲ. ಕೆಲವರು ಭಿಕ್ಷೆಯ ಶಾಸ್ತ್ರಕ್ಕೆ ನಿಲ್ಲುತ್ತಾರೆ. ಕಂಠವೂ ನೆನಪೂ ಇದ್ದವರು ಹಿರಿಯರ ಹಿಂದೆ ವರ್ಷಗಟ್ಟಲೆ ದಮ್ಮಡಿ ಹಿಡಿದು, ಸೊಲ್ಲು ಕೂಡಿಸುತ್ತ, ಕೇಳಿ ಕೇಳಿ ಸಾಲನ್ನು ಕರಗತ ಮಾಡಿಕೊಂಡು ಒಂದು ದಿನ ತಂಬೂರಿಗೆ ಬರುತ್ತಾರೆ.

ಪರಂಪರೆಯ ನೆಲೆಗಳು ಮೂರು ಜಿಲ್ಲೆಗಳಲ್ಲಿವೆ. ಮಂಟೇಸ್ವಾಮಿಯ ಗದ್ದುಗೆ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ. ರಾಚಪ್ಪಾಜಿಯ ನೆಲೆ ಮೈಸೂರು ಜಿಲ್ಲೆಯಲ್ಲಿ ಕಾವೇರಿ ದಂಡೆಯ ಕಪ್ಪಡಿ. ಸಿದ್ದಪ್ಪಾಜಿಯ ನೆಲೆ ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರು. ಶಿವರಾತ್ರಿಯಿಂದ ಕಪ್ಪಡಿಯಲ್ಲಿ ಜಾತ್ರೆ. ಅದಕ್ಕೂ ಮೊದಲು, ಬನದ ಹುಣ್ಣಿಮೆಯ ರಾತ್ರಿ ಚಿಕ್ಕಲ್ಲೂರಿನಲ್ಲಿ ಚಂದ್ರಮಂಡಲ. ಬಿದಿರಿನಲ್ಲಿ ಕಟ್ಟಿ, ಬಟ್ಟೆ ಸುತ್ತಿ, ಪಂಜು ಸಿಕ್ಕಿಸಿದ ಮಂಡಲಕ್ಕೆ ಬೆಂಕಿ ಇಡುತ್ತಾರೆ. ಉರಿ ಯಾವ ದಿಕ್ಕಿಗೆ ಹೆಚ್ಚು ಬಾಗುತ್ತದೋ ಆ ದಿಕ್ಕಿಗೆ ಆ ವರ್ಷ ಮಳೆಬೆಳೆ ಚೆನ್ನ ಎಂಬ ನಂಬಿಕೆ. ರೈತರು ತಾವು ಬೆಳೆದ ದವಸವನ್ನು ಉರಿಗೆ ಎರಚುತ್ತಾರೆ. ಐದು ಹಗಲು, ಐದು ಇರುಳು ಬಯಲಿನ ಬಿಡದಿಗಳಲ್ಲಿ ಅಲ್ಲಲ್ಲಿ ತಂಬೂರಿ ಕೇಳುತ್ತದೆ. ಮುಂದಾಳುಗಳು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವುದು, ಎಳೆಯರು ಹೊಸ ಮಟ್ಟು ಕದಿಯುವುದು, ಮುಂದಿನ ಕಾರ್ಯಗಳಿಗೆ ವೀಳ್ಯ ಪಡೆಯುವುದು ಎಲ್ಲವೂ ಅಲ್ಲೇ.

ಈ ಸೀಮೆಯಲ್ಲಿ ನೀಲಗಾರರು ಒಂಟಿಯಲ್ಲ. ಎಪ್ಪತ್ತೇಳು ಮಲೆಯ ಮಾದಪ್ಪನ, ಅಂದರೆ ಮಲೆ ಮಾದೇಶ್ವರನ, ಕತೆ ಹಾಡುವ ಕಂಸಾಳೆಯ ದೇವರಗುಡ್ಡರು, ಕರಡಿ ಕೂದಲಿನ ಕುಲಾವಿ ತೊಟ್ಟು ಡಮರುಗ ನುಡಿಸುವ ಗೊರವರು, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗೊರುಕನ ಪದ ಎಲ್ಲವೂ ಒಂದು ಹಗಲಿನ ದಾರಿಯೊಳಗೇ ಸಿಗುತ್ತವೆ.

ಹೆಸರು ಹಬ್ಬಿದ ದಾರಿ

ಮೊದಲು ಬಂದವರು ವಿದ್ವಾಂಸರು. ಜೀ.ಶಂ. ಪರಮಶಿವಯ್ಯನವರು ದಕ್ಷಿಣ ಕರ್ನಾಟಕದ ವೃತ್ತಿಗಾಯಕರ ಬೆನ್ನುಹತ್ತಿ ಅವರ ಕಾವ್ಯವನ್ನು ವಿಶ್ವವಿದ್ಯಾಲಯದ ಅಧ್ಯಯನದ ವಸ್ತುವಾಗಿಸಿದರು. ಪಿ.ಕೆ. ರಾಜಶೇಖರ ಮಾದೇಶ್ವರನ ಕಾವ್ಯವನ್ನು ಸಂಗ್ರಹಿಸಿದರು. 1997ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹಾಡುಗಬ್ಬಗಳ ಸಂಪುಟಗಳನ್ನು ಹೊರತಂದಾಗ ಹಿ.ಚಿ. ಬೋರಲಿಂಗಯ್ಯನವರ ಸಂಪಾದನೆಯ ‘ಮಂಟೇಸ್ವಾಮಿ’ ಮತ್ತು ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ, ಕೆ. ಕೇಶವನ್ ಪ್ರಸಾದ್ ಸಂಪಾದಿಸಿದ ‘ಮಲೆ ಮಾದೇಶ್ವರ’ ಓದುಗರ ಕೈಗೆ ಬಂದವು.  ಎಚ್.ಎಸ್. ಶಿವಪ್ರಕಾಶರ ‘ಮಂಟೇಸ್ವಾಮಿ ಕಥಾಪ್ರಸಂಗ’ ಈ ಕತೆಯನ್ನು ರಂಗಕ್ಕೆ ತಂದಿತು.

ಜನರ ನಡುವೆ ಹೆಸರು ಹಬ್ಬಿಸಿದ್ದು ಮಾತ್ರ ಕ್ಯಾಸೆಟ್ಟು. ಮಳವಳ್ಳಿ ಮಹದೇವಸ್ವಾಮಿಯವರ ಗಂಭೀರ ಕಂಠದಲ್ಲಿ ಸಿದ್ದಪ್ಪಾಜಿ, ಮಾದಪ್ಪನ ಕತೆಗಳು ಟೀ ಅಂಗಡಿ, ಟೆಂಪೊ, ಟ್ರ್ಯಾಕ್ಟರುಗಳಲ್ಲಿ ಮೊಳಗಿದವು. ಬೆಂಗಳೂರಿಗೆ ಕೂಲಿಗೆ ಹೋದವರ ಬಾಡಿಗೆ ಕೋಣೆಗಳಿಗೂ ಅವು ತಲುಪಿದವು. ಮೈಸೂರು ಗುರುರಾಜ್ ತಂಬೂರಿಯನ್ನು ನಗರದ ವೇದಿಕೆಗಳಿಗೆ ಒಯ್ದರು. 1996ರ ‘ಜನುಮದ ಜೋಡಿ’ಯಲ್ಲಿ ಎಲ್.ಎನ್. ಶಾಸ್ತ್ರಿ ಹಾಡಿದ ಕೋಲುಮಂಡೆ ಜಂಗಮನ ಹಾಡಿಗೆ ರಾಜ್ಯ ಪ್ರಶಸ್ತಿ ಬಂತು. 2020ರ ಗಣೇಶನ ಹಬ್ಬದ ಹೊತ್ತಿಗೆ ಅದೇ ಹಾಡಿನ ರ‍್ಯಾಪ್ ವಿಡಿಯೊ ಬಂದಾಗ, ಮಾದಪ್ಪನ ಕತೆಯ ಶರಣೆ ಸಂಕಮ್ಮನನ್ನು ಚಿತ್ರಿಸಿದ ಬಗೆಗೆ ಭಕ್ತರು ಸಿಟ್ಟಾದರು. ಗಾಯಕರು ಕ್ಷಮೆ ಕೇಳಿ ವಿಡಿಯೊವನ್ನು ಹಿಂತೆಗೆದುಕೊಂಡರು. ಈ ಹಾಡುಗಳು ಜನರಿಗೆ ಇನ್ನೂ ಮನೆದೇವರ ಮಾತಾಗಿಯೇ ಉಳಿದಿವೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹಳ್ಳಿಯ ತಂತಿವಾದ್ಯದ ಮೇಳ ಹೀಗೆ ಲೋಕಕ್ಕೆ ಹಬ್ಬಿದ್ದಕ್ಕೆ ಅಮೆರಿಕದ ಬ್ಲೂಗ್ರಾಸ್ ಸಂಗೀತ ಒಂದು ದೊಡ್ಡ ನಿದರ್ಶನ. ಕೆಂಟಕಿಯ ರೋಸೀನ್ ಎಂಬ ಪುಟ್ಟ ಊರಿನ ಬಿಲ್ ಮನ್ರೊ ಪಿಟೀಲು ನುಡಿಸುತ್ತಿದ್ದ ಸೋದರಮಾವನಿಂದಲೂ ಆರ್ನಲ್ಡ್ ಶುಲ್ಟ್ಸ್ ಎಂಬ ಕಪ್ಪು ಗಿಟಾರ್ ವಾದಕನಿಂದಲೂ ಕಲಿತು, 1939ರಲ್ಲಿ ತನ್ನ ‘ಬ್ಲೂ ಗ್ರಾಸ್ ಬಾಯ್ಸ್’ ಮೇಳದೊಂದಿಗೆ ನ್ಯಾಶ್‌ವಿಲ್ ರೇಡಿಯೊದ ‘ಗ್ರ್ಯಾಂಡ್ ಓಲ್ ಆಪ್ರಿ’ ಕಾರ್ಯಕ್ರಮ ಸೇರಿದ. 1945ರಲ್ಲಿ ಅರ್ಲ್ ಸ್ಕ್ರಗ್ಸ್‌ನ ಬ್ಯಾಂಜೊ ಕೂಡಿತು. ಮೇಳದ ಹೆಸರೇ ಇಡೀ ಸಂಗೀತ ಪ್ರಕಾರದ ಹೆಸರಾಯಿತು. ಆ ಹಾಡುಗಳು ಚಿಕ್ಕವು. ವಾದ್ಯಗಳು ಸರದಿಯಂತೆ ಮುಂದೆ ಬಂದು ತಮ್ಮ ಕೈಚಳಕ ತೋರುತ್ತವೆ. ಕೆಲವೇ ನಿಮಿಷದ ರೇಡಿಯೊ ಹಾಡಿಗೆ, ಗ್ರಾಮಫೋನ್ ತಟ್ಟೆಗೆ ಅವು ಸಲೀಸಾಗಿ ಒಗ್ಗಿದವು. ನೀಲಗಾರ ಮೇಳದ್ದು ಬೇರೆ ಜಾಯಮಾನ. ಇಲ್ಲಿ ವಾದ್ಯ ಕತೆಯ ಊಳಿಗಕ್ಕೆ ನಿಂತಿದೆ, ಕತೆಗೆ ಒಂದು ಇರುಳು ಬೇಕು.

ಹತ್ತು ನಿಮಿಷದ ವೇದಿಕೆ

ಕತೆಗೆ ಇರುಳು ಬೇಕು ಎಂಬುದೇ ಮೇಳಕ್ಕೆ ಇವತ್ತು ಎದುರಾಗಿರುವ ತೊಡಕು. ದಸರೆಯ ವೇದಿಕೆ, ಶಾಲಾ ವಾರ್ಷಿಕೋತ್ಸವ, ಸರ್ಕಾರಿ ಸಮಾರಂಭ ಎಲ್ಲಿಗೆ ಹೋದರೂ ಹತ್ತು ಹದಿನೈದು ನಿಮಿಷ. ಅಷ್ಟರಲ್ಲಿ ಒಂದು ಸ್ತುತಿ, ಒಂದು ಬಿರುಸಿನ ಹಾಡು. ಚಪ್ಪಾಳೆ ಬೀಳುತ್ತದೆ, ಸಂಭಾವನೆಯೂ ಬರುತ್ತದೆ. ಕಲಾವಿದನಿಗೆ ಎರಡೂ ಬೇಕು. ಕೂಲಿ ಮಾಡಿ ಬದುಕುವವನಿಗೆ ವೇದಿಕೆಯ ಮರ್ಯಾದೆ ಸಣ್ಣದಲ್ಲ. ಆದರೆ ಹತ್ತು ನಿಮಿಷಕ್ಕೆಂದು ಕಲಿತ ಹುಡುಗನಿಗೆ ಸಾಲು ಬರುವುದಿಲ್ಲ. ಮಾತಿನಿಂದ ಹಾಡಿಗೆ ಹಾಯುವ ಹದ, ಜನರ ಮುಖ ನೋಡಿ ಕತೆ ಹಿಗ್ಗಿಸುವ ಜಾಣ್ಮೆ, ಮೂರನೆಯ ಜಾವದ ನಿದ್ದೆಯನ್ನು ಗೆಲ್ಲುವ ಗಂಟಲು, ಇವು ಇರುಳು ಹಾಡಿದವನಿಗೆ ಮಾತ್ರ ಒಲಿಯುತ್ತವೆ. ಪುಸ್ತಕದಲ್ಲಿ ಕಾವ್ಯ ಉಳಿದಿದೆ ಎಂದು ಸಮಾಧಾನ ಪಡುವಂತಿಲ್ಲ. ಅಚ್ಚಾಗಿರುವುದು ಒಬ್ಬ ಗಾಯಕ ಒಂದು ಸಂದರ್ಭದಲ್ಲಿ ಹಾಡಿದ ಪಾಠ. ಕಾವ್ಯ ಪ್ರತಿ ಇರುಳೂ ಹೊಸದಾಗಿ ಹುಟ್ಟುವಂಥದ್ದು.

ಮಾಡಬೇಕಾದದ್ದು ಕಷ್ಟದ ಕೆಲಸವೇನಲ್ಲ. ಜಾನಪದ ಉತ್ಸವ ನಡೆಸುವವರು ಇಪ್ಪತ್ತು ತಂಡಗಳನ್ನು ಒಂದೇ ಸಂಜೆ ಓಡಿಸುವ ಬದಲು ವರ್ಷಕ್ಕೊಮ್ಮೆ ಚಾಮರಾಜನಗರದಲ್ಲೋ ಗುಂಡ್ಲುಪೇಟೆಯಲ್ಲೋ ಒಂದು ಮೇಳಕ್ಕೆ ಒಂದು ಪೂರ್ತಿ ರಾತ್ರಿ ಕೊಡಲಿ. ಜಿಲ್ಲೆಯ ಕಾಲೇಜುಗಳ ಕನ್ನಡ ವಿಭಾಗಗಳು ಮಂಟೇಸ್ವಾಮಿ ಕಾವ್ಯವನ್ನು ಪಾಠ ಮಾಡುವಾಗ ಸುತ್ತಲ ಊರಿನ ನೀಲಗಾರರನ್ನೇ ಕರೆಸಿ, ಸಾಲನ್ನು ಮೊದಲಿಂದ ಕೊನೆಯವರೆಗೆ ಹಾಡಿಸಿ ದಾಖಲಿಸಲಿ. ಊರು ಬಿಟ್ಟು ಬೆಂಗಳೂರು, ಮೈಸೂರು ಸೇರಿದವರು ಹಿರಿಯರ ತಿಥಿಗೆ ಊರಿಗೆ ಬಂದಾಗ ಧ್ವನಿವರ್ಧಕದ ಹಾಡಿನಲ್ಲೇ ಮುಗಿಸದೆ ಕತೆ ಮಾಡಿಸಲಿ. ಮೊಬೈಲಿನಲ್ಲಿ ಕೇಳಿ ಮೆಚ್ಚಿದವರು ಬನದ ಹುಣ್ಣಿಮೆಗೆ ಚಿಕ್ಕಲ್ಲೂರಿಗೆ ಹೋಗಲಿ, ಹಾಡುವವರ ಮುಂದೆ ಕೂರಲಿ. ನೀಲಗಾರನನ್ನು ದೊಡ್ಡ ಗಾಯಕನನ್ನಾಗಿ ಮಾಡಿದವರು ನಿದ್ದೆಗೆಟ್ಟು ಅವನ ಮುಂದೆ ಕೂತ ಜನ. ಈಗ ಹಬ್ಬುತ್ತಿರುವ ಹೆಸರು ಅವನಿಗೆ ಅಂಥ ಕೇಳುಗರನ್ನು ಮತ್ತೆ ಕೂಡಿಸಿಕೊಟ್ಟರೆ ಅದೇ ಅವನಿಗೆ ಸಲ್ಲಬೇಕಾದ ನಿಜವಾದ ಪ್ರಶಸ್ತಿ.