ಕೆತ್ತನೆಯ ಕೈಯಂತ್ರ: ಕೊಳ್ಳುವ ಮುನ್ನ

ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ಅರಿಯದವರಿಲ್ಲ. ಆದರೆ ಒಮ್ಮೊಮ್ಮೆ ನೆಲವೇ ನಿಜವಾಗಿ ಡೊಂಕಾಗಿರುವುದುಂಟು. ಹಿತ್ತಾಳೆಯ ತಟ್ಟೆಯ ಮೇಲೊಂದು ಬಳ್ಳಿಯನ್ನೋ, ಬೆಳ್ಳಿಯ ಕುಂಕುಮದ ಭರಣಿಯ ಮೇಲೆ ಮನೆಮಗಳ ಹೆಸರನ್ನೋ ಕೆತ್ತುವ ಹಂಬಲದಿಂದ ವಿದ್ಯುತ್ತಿನಿಂದ ತಿರುಗುವ ಪುಟ್ಟ ಕೈಯಂತ್ರವನ್ನು ಕೊಂಡು ತಂದವರು, ಗೆರೆ ಅಂಕುಡೊಂಕಾದೊಡನೆ ತಮ್ಮ ಕೈಯನ್ನೇ ಹಳಿದುಕೊಂಡು ಅದನ್ನು ಅಟ್ಟಕ್ಕೇರಿಸಿಬಿಡುತ್ತಾರೆ. ಹಣವೂ ಹೋಯಿತು, ಹಂಬಲವೂ ಬತ್ತಿತು. ಅನೇಕ ವೇಳೆ ದೋಷ ಕೈಯದಲ್ಲ, ಯಂತ್ರದ್ದು!

ಲೋಹದ ಕೆತ್ತನೆಗೆ ಯಂತ್ರವೇ ಬೇಕೆಂಬ ನಿಯಮವೇನೂ ಇಲ್ಲ. ಬೀದರಿನ ಬಿದರಿ ಕುಶಲಕರ್ಮಿಗಳು ಸತು ಮತ್ತು ತಾಮ್ರಗಳ ಮಿಶ್ರಲೋಹದ ಮೇಲೆ ಚಿತ್ತಾರವನ್ನು ಕೈಯುಳಿಯಿಂದಲೇ ಕೊರೆದು, ಆ ಗೀರಿನೊಳಕ್ಕೆ ಬೆಳ್ಳಿಯನ್ನು ಕೂರಿಸುತ್ತಾರೆ. ಆ ಕೌಶಲ ವರ್ಷಗಳ ಸಾಧನೆಯ ಫಲ. ಭಾನುವಾರದ ಬಿಡುವಿನಲ್ಲಿ ಕೆತ್ತಲು ಕೂರುವ ಹವ್ಯಾಸಿಗೆ ಅಷ್ಟು ಸಾಧನೆಗೆ ಅವಕಾಶವೆಲ್ಲಿ? ಅವನ ತೋಳಿನ ಕೊರತೆಯನ್ನು ತುಂಬಿಕೊಡುವುದೇ ರೋಟರಿ ಟೂಲ್ ಎಂಬ ಈ ಉಪಕರಣ.

ಎರಡು ಬಗೆ

ಮೊದಲನೆಯದರಲ್ಲಿ ಮೋಟಾರು ಹಿಡಿಯೊಳಗೇ ಅಡಗಿರುತ್ತದೆ. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ರೆಸೀನ್ ನಗರದಲ್ಲಿ ೧೯೩೨ರಲ್ಲಿ ಆಲ್ಬರ್ಟ್ ಡ್ರೆಮೆಲ್ ಸ್ಥಾಪಿಸಿದ ಕಂಪನಿಯು ಈ ಬಗೆಯನ್ನು ಮನೆಮನೆಗೆ ಪರಿಚಯಿಸಿತು. ಎರಡನೆಯದರಲ್ಲಿ ಮೋಟಾರು ಕೊಕ್ಕೆಗೆ ತೂಗುಬಿದ್ದಿರುತ್ತದೆ. ಅದರಿಂದ ಇಳಿದುಬರುವ ಬಳುಕುವ ಶಾಫ್ಟಿನ ತುದಿಯಲ್ಲಿ ಲೇಖನಿಯಂಥ ತೆಳು ಹಿಡಿಯಿರುತ್ತದೆ. ವೇಗದ ಹತೋಟಿ ಕಾಲಿನ ಪೆಡಲಿನಲ್ಲಿ. ಆಭರಣ ತಯಾರಕರು ಮೆಚ್ಚುವುದು ಇದನ್ನೇ. ಅಪರೂಪಕ್ಕೊಮ್ಮೆ ಕೆತ್ತುತ್ತ, ಉಳಿದಂತೆ ಮನೆಯ ಸಣ್ಣಪುಟ್ಟ ರಿಪೇರಿಗೂ ಬಳಸುವವರಿಗೆ ಮೊದಲನೆಯದು ಸಾಕು. ಗಂಟೆಗಟ್ಟಲೆ ಸೂಕ್ಷ್ಮ ಗೆರೆಗಳನ್ನು ಎಳೆಯುವವರಿಗೆ ಎರಡನೆಯದೇ ಮೇಲು. ಮೋಟಾರಿನ ಭಾರವನ್ನೂ ಬಿಸಿಯನ್ನೂ ಬೆರಳುಗಳು ಹೊರಬೇಕಾಗಿಲ್ಲ.

ವೇಗಕ್ಕೆ ಮರುಳಾಗದಿರಿ

ನಿಮಿಷಕ್ಕೆ ೩೫,೦೦೦ ಸುತ್ತು ಎಂದೊಡನೆ ಕೊಳ್ಳುವವರ ಕಣ್ಣರಳುವುದು ಸಹಜ. ಆದರೆ ಲೋಹವನ್ನು ಕೊರೆಯುವುದು ಮೊನೆಯ ಅಂಚಿನ ವೇಗ. ಒಂದು ಮಿಲಿಮೀಟರ್ ದಪ್ಪದ ಮೊನೆ ೩೦,೦೦೦ ಸುತ್ತು ತಿರುಗಿದಾಗ ಅದರ ಅಂಚು ನಿಮಿಷಕ್ಕೆ ಸುಮಾರು ೯೪ ಮೀಟರ್ ಸಾಗುತ್ತದೆ. ಮೂರು ಮಿಲಿಮೀಟರಿನ ಮೊನೆಯಾದರೆ ೧೦,೦೦೦ ಸುತ್ತಿನಲ್ಲೇ ಅಷ್ಟು ದೂರ ಸಾಗುತ್ತದೆ. ದಪ್ಪ ಮೊನೆಯನ್ನು ವಿಪರೀತ ಓಡಿಸಿದರೆ ಲೋಹ ಕಾದು, ಮೊನೆ ಮೊಂಡಾಗುವುದೇ ಲಾಭ! ಆದ್ದರಿಂದ ಯಂತ್ರ ಎಷ್ಟು ವೇಗವಾಗಿ ಓಡಬಲ್ಲದೆಂಬುದಕ್ಕಿಂತ ಎಷ್ಟು ನಿಧಾನವಾಗಿ ನಡೆಯಬಲ್ಲದು, ಒತ್ತಿದಾಗ ಏದುಸಿರುಬಿಡದೆ ಅದೇ ನಡಿಗೆಯನ್ನು ಉಳಿಸಿಕೊಳ್ಳಬಲ್ಲದೇ ಎಂದು ವಿಚಾರಿಸುವುದು ಜಾಣತನ.

ಅಂಗಡಿಯಲ್ಲೇ ಪರೀಕ್ಷೆ

ಯಂತ್ರದ ಕುಲಗೋತ್ರ ತಿಳಿಯುವುದು ಮೊನೆಯನ್ನು ಕಚ್ಚಿ ಹಿಡಿಯುವ ಕಾಲೆಟ್ಟಿನಲ್ಲಿ. ಹೊಸದಾದ ನೇರ ಉಕ್ಕಿನ ಕಡ್ಡಿಯೊಂದನ್ನು ಅದರೊಳಗಿಟ್ಟು ಬಿಗಿದು, ನಿಧಾನವಾಗಿ ತಿರುಗಿಸಿ ತುದಿಯನ್ನು ದಿಟ್ಟಿಸಬೇಕು. ಕಡ್ಡಿ ನಿಶ್ಚಲವಾದ ಒಂದೇ ಗೆರೆಯಂತೆ ಕಂಡರೆ ಯಂತ್ರ ನೇರವಾಗಿದೆ. ಎರಡಾಗಿ, ಮಸಕಾಗಿ ಕಂಡರೆ ಓಲಾಡುತ್ತಿದೆ. ಓಲಾಡುವ ಮೊನೆ ಕೊರೆಯುವುದಿಲ್ಲ, ಕುಟ್ಟುತ್ತದೆ. ಬಳಿಕ ಯಂತ್ರವನ್ನು ನಿಲ್ಲಿಸಿ ಕಡ್ಡಿಯನ್ನು ಅತ್ತಿತ್ತ ಅಲುಗಿಸಬೇಕು. ಸಡಿಲವಿದ್ದರೆ ಬೇರಿಂಗ್ ಕೆಟ್ಟದ್ದು. ಮೊನೆಯ ಕಾಂಡಗಳು ಸಾಮಾನ್ಯವಾಗಿ ೩.೨ ಅಥವಾ ೨.೩೫ ಮಿಲಿಮೀಟರಿನವು, ಎರಡಕ್ಕೂ ಕಾಲೆಟ್ಟುಗಳು ದೊರೆಯುವಂತಿರಲಿ. ಕಾರ್ಬನ್ ಬ್ರಷ್ಷುಗಳಿರುವ ಮೋಟಾರಿನಲ್ಲಿ ಅವು ಸವೆಯುವುದು ಖಂಡಿತ. ಬದಲಿ ಬ್ರಷ್ಷು ಸಿಗುವುದೋ ಎಂದು ಕೇಳಲು ಸಂಕೋಚಬೇಡ.

ನೂರಾರು ಬಿಡಿಭಾಗಗಳು ಮಿರುಗುವ ಪೆಟ್ಟಿಗೆಯನ್ನು ಕಂಡು ಮೋಸಹೋಗಬಾರದು. ಬೆಳ್ಳಗಿರುವುದೆಲ್ಲ ಹಾಲಲ್ಲ. ವಜ್ರದ ಪುಡಿ ಲೇಪಿಸಿದ ಮೊನೆಗಳು ಗಾಜು, ಕಲ್ಲುಗಳಿಗೆ ಸರಿ. ಮೃದು ಲೋಹದಲ್ಲಿ ಅವುಗಳ ಮೈಗೆ ಚೂರು ಮೆತ್ತಿಕೊಳ್ಳುತ್ತದೆ. ಹಿತ್ತಾಳೆ ಬೆಳ್ಳಿಗಳಿಗೆ ಒಳ್ಳೆಯ ಕಾರ್ಬೈಡ್ ಮೊನೆಗಳು ನಾಲ್ಕಿದ್ದರೆ ಸಾಕು. ಮೊನೆಗೆ ಆಗಾಗ ತುಸು ಜೇನುಮೇಣ ಸವರಿದರೆ ಕೆಲಸ ನಯವಾಗಿ ಸಾಗುತ್ತದೆ.

ಇನ್ನು ಎಚ್ಚರಿಕೆಯ ಮಾತು. ಸಿಡಿಯುವ ಲೋಹದ ಚೂರು ಚಿಕ್ಕದಾದರೂ ಕಣ್ಣು ಚಿಕ್ಕ ವಸ್ತುವಲ್ಲ. ರಕ್ಷಣೆಯ ಕನ್ನಡಕವಿಲ್ಲದೆ ಯಂತ್ರವನ್ನು ಮುಟ್ಟಲೇಬಾರದು. ಹಿತ್ತಾಳೆಯಲ್ಲಿ ಸೀಸ ಬೆರೆತಿರಬಹುದಾದ್ದರಿಂದ ಅದರ ಧೂಳು ಉಸಿರಿಗೂ ಅಡಿಗೆಮನೆಗೂ ಸೇರದಿರಲಿ. ಇಳಿಬಿದ್ದ ಜಡೆ, ಸೆರಗು, ಸಡಿಲ ತೋಳು ಇವು ತಿರುಗುವ ಮೊನೆಯಿಂದ ದೂರವಿರಲಿ. ವಸ್ತುವನ್ನು ಇಕ್ಕಳದಲ್ಲಿ ಬಿಗಿದೇ ಕೆತ್ತಬೇಕು, ಕೈಯಲ್ಲಿ ಹಿಡಿದಲ್ಲ. ತಂತಿಯ ಬ್ರಷ್ಷುಗಳನ್ನು ಅವುಗಳ ಮೇಲೆ ನಮೂದಿಸಿದ ಮಿತಿಯಾಚೆ ತಿರುಗಿಸಿದರೆ ತಂತಿಗಳು ಬಾಣದಂತೆ ಹಾರುತ್ತವೆ.

ಹಣದ ಚೀಲವನ್ನು ಬಿಚ್ಚುವ ಮೊದಲು ಆ ತಿರುಗುವ ಕಡ್ಡಿಯನ್ನು ಇನ್ನೊಮ್ಮೆ ನೋಡಬೇಕು. ಅದು ಒಂದೇ ಗೆರೆಯಾಗಿ ನಿಂತಿತೆಂದರೆ ನೆಲ ನೇರವಾಗಿದೆ. ಇನ್ನು ಕುಣಿತವನ್ನು ಕಲಿಯುವ ಹೊಣೆ ಕುಣಿಯುವವರದು!