ಚೀನೀ ಪುಸ್ತಕ–43

ತೊಂಬತ್ತರ ದಶಕದ ನಡುಭಾಗದ ಒಂದು ಮಧ್ಯಾಹ್ನ, ನಾನು ಗ್ರಂಥಪಾಲಕನಾಗಿದ್ದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹನ್ನೊಂದು ಮರದ ಪೆಟ್ಟಿಗೆಗಳು ಬಂದಿಳಿದವು. ದಿವಂಗತ ವಿದ್ವಾಂಸರೊಬ್ಬರ ಮನೆಯವರು ಕೊಟ್ಟ ದಾನ ಅದು. ಒಳಗಿದ್ದವೆಲ್ಲ ಚೀನೀ ಪುಸ್ತಕಗಳು. ನಮ್ಮ ಸಿಬ್ಬಂದಿಯಲ್ಲಿ ಆ ಲಿಪಿಯ ಒಂದು ಅಕ್ಷರವನ್ನಾದರೂ ಗುರುತಿಸಬಲ್ಲವರು ಇರಲಿಲ್ಲ. ಬಂದ ಪುಸ್ತಕವನ್ನು ದಾಖಲಿಸಲೇಬೇಕೆಂಬುದು ನಿಯಮ. ಹಾಗಾಗಿ ದಾಖಲಾತಿ ರಿಜಿಸ್ಟರಿನಲ್ಲಿ ‘ಚೀನೀ ಪುಸ್ತಕ–1’, ‘ಚೀನೀ ಪುಸ್ತಕ–2’ ಎಂದು ಬರೆಯುತ್ತ ಹೋದೆವು. ಹಾಳೆ ಸಡಿಲವಾಗಿದ್ದವನ್ನು ರಟ್ಟು ಕಟ್ಟಲು ಕಳುಹಿಸಿದೆವು. ಹಳೆಯ ಕ್ರಮದ ಚೀನೀ ಪುಸ್ತಕ ಬಲಬದಿಯಿಂದ ತೆರೆದುಕೊಳ್ಳುತ್ತದೆ. ಅದನ್ನರಿಯದ ನಮ್ಮ ರಟ್ಟಿನವನು ಮೊದಲ ಪುಟವನ್ನೇ ಕೊನೆಯ ಪುಟವೆಂದು ಬಗೆದು ಹಿಂದುಮುಂದಾಗಿ ಕಟ್ಟಿಕೊಟ್ಟ. ಬಿಲ್ಲಿಗೆ ಸಹಿ ಹಾಕಿದವನು ನಾನೇ.

ಎರಡು ವರ್ಷಗಳ ಬಳಿಕ ಬಾದಾಮಿ ಚಾಲುಕ್ಯರ ಮೇಲೆ ಸಂಶೋಧನೆ ನಡೆಸುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಬಂದು, ಹ್ಯೂಯೆನ್ ತ್ಸಾಂಗನ ಪ್ರವಾಸ ವೃತ್ತಾಂತದ ಮೂಲ ಚೀನೀ ಪಾಠ ಎಲ್ಲಾದರೂ ಸಿಕ್ಕೀತೇ ಎಂದು ಕೇಳಿದಳು. ಇಲ್ಲವೆಂದು ಹೇಳಿ ಕಳುಹಿಸಿದೆ. ಆಕೆ ಇಂಗ್ಲಿಷ್ ಅನುವಾದವನ್ನೇ ಆಧರಿಸಿ ಪ್ರಬಂಧ ಮುಗಿಸಿದಳು. ಮುಂದೊಂದು ದಿನ ದೆಹಲಿಯಿಂದ ಬಂದಿದ್ದ ಚೀನೀ ಬಲ್ಲ ಅಧ್ಯಾಪಕರೊಬ್ಬರು ಆ ಕಪಾಟಿನೆದುರು ಅರ್ಧ ದಿನ ನಿಂತು ಒಂದೊಂದೇ ಪುಸ್ತಕ ತೆರೆದು ನೋಡಿದರು. ‘ಚೀನೀ ಪುಸ್ತಕ–43’ ಎಂದರೆ ಬೇರೇನೂ ಅಲ್ಲ, ಆಕೆ ಕೇಳಿದ್ದ ಅದೇ ‘ಸಿ-ಯು-ಕಿ’. ಪುಸ್ತಕ ಇತ್ತು, ಓದುಗಳೂ ಬಂದಿದ್ದಳು. ಅವರಿಬ್ಬರ ನಡುವೆ ಇರಬೇಕಾಗಿದ್ದ ಗ್ರಂಥಾಲಯ ಮಾತ್ರ ಇರಲಿಲ್ಲ.

ಇದೊಂದು ಗುಮಾಸ್ತಿಕೆಯ ತಪ್ಪೆಂದು ತಳ್ಳಿಹಾಕುವಂತಿಲ್ಲ. ಇಮ್ಮಡಿ ಪುಲಕೇಶಿಯ ಬಗ್ಗೆ ನಾವು ಶಾಲೆಯಲ್ಲಿ ಕಲಿತದ್ದರ ಒಂದು ಕಾಲು 634ರ ಐಹೊಳೆ ಶಾಸನದ ಮೇಲೆ ನಿಂತಿದ್ದರೆ, ಇನ್ನೊಂದು ಕಾಲು ನಿಂತಿರುವುದು ಆ ಚೀನೀ ಯಾತ್ರಿಕನ ಮಾತಿನ ಮೇಲೆ. ಪುಲಕೇಶಿಯ ಪ್ರಜೆಗಳ ಸ್ವಾಭಿಮಾನ, ಯುದ್ಧಕ್ಕೆ ಮುನ್ನ ಆನೆಗಳಿಗೆ ಮದ್ಯ ಕುಡಿಸುವ ರೂಢಿ, ಹರ್ಷನಿಗೂ ಮಣಿಯದ ರಾಜ್ಯ ಎಂಬ ವರ್ಣನೆ ಇವೆಲ್ಲ ಆ ಗ್ರಂಥದಿಂದ ಬಂದವು. ಆತ ಹೇಳುವ ‘ಕೊಂಕಣಪುರ’ ಯಾವುದೆಂಬ ಚರ್ಚೆಯಲ್ಲಿ ಬನವಾಸಿಯ ಹೆಸರೂ ಆನೆಗೊಂದಿಯ ಹೆಸರೂ ಬಂದುಹೋಗಿವೆ. ಇಂಥ ಪ್ರಶ್ನೆಯನ್ನು ಬಿಡಿಸಬೇಕಾದರೆ ಮೂಲದ ದಿಕ್ಕು, ದೂರ, ಪಾಠಾಂತರಗಳನ್ನು ನೋಡಲೇಬೇಕು. ನಾವಾದರೋ 1884ರಲ್ಲಿ ಸ್ಯಾಮ್ಯುಯೆಲ್ ಬೀಲ್ ಮಾಡಿದ ಇಂಗ್ಲಿಷ್ ಅನುವಾದವನ್ನು ಹಿಡಿದು ವಾದಿಸುತ್ತ ಬಂದಿದ್ದೇವೆ. ನಮ್ಮ ಮನೆಯ ದಾಖಲೆಯನ್ನು ನೆರೆಯವನು ಬರೆದಿಟ್ಟಿದ್ದಾನೆ. ಅದನ್ನು ದೂರದ ಮೂರನೆಯವನು ಓದಿ ಹೇಳಿದರಷ್ಟೇ ನಮಗೆ ತಿಳಿಯುತ್ತದೆ.

ಭಾರತಕ್ಕೆ ಈ ಅರಿವು ಇರಲಿಲ್ಲವೆಂದಲ್ಲ. ರವೀಂದ್ರನಾಥ ಠಾಕೂರರು 1924ರಲ್ಲಿ ಚೀನಾ ಪ್ರವಾಸ ಮಾಡುವುದಕ್ಕೆ ಮೊದಲೇ ಫ್ರಾನ್ಸಿನ ಸಿಲ್ವಾನ್ ಲೆವಿಯವರನ್ನು ಶಾಂತಿನಿಕೇತನಕ್ಕೆ ಕರೆಸಿಕೊಂಡಿದ್ದರು. ಹೂನಾನ್ ಪ್ರಾಂತ್ಯದ ತರುಣ ತಾನ್ ಯುನ್-ಶಾನ್ 1928ರಲ್ಲಿ ಅಲ್ಲಿಗೆ ಬಂದು ನೆಲೆಸಿದರು. ಮುಂದೆ ಅವರು ಚೀನಾಕ್ಕೆ ಮರಳಿ ವಿದ್ವಾಂಸರ, ಮುಖಂಡರ ಮನೆಬಾಗಿಲಿಗೆ ಹೋಗಿ ಹಣವನ್ನೂ ಪುಸ್ತಕಗಳನ್ನೂ ಕೂಡಿಸಿದರು. 1937ರ ಏಪ್ರಿಲ್ 14ರಂದು, ಬಂಗಾಳಿ ಹೊಸ ವರ್ಷದ ದಿನ, ‘ಚೀನಾ ಭವನ’ ಉದ್ಘಾಟನೆಯಾಯಿತು. ಅಲ್ಲಿಗೆ ಹರಿದುಬಂದ ಚೀನೀ ಗ್ರಂಥಗಳು ಸುಮಾರು ಒಂದು ಲಕ್ಷವೆಂದು ಹೇಳುತ್ತಾರೆ. ನಂದಲಾಲ ಬಸು ಅವರ ಭಿತ್ತಿಚಿತ್ರವಿರುವ ಆ ಕಟ್ಟಡವನ್ನು ನಾನು ನೋಡಹೋದದ್ದು ನಿವೃತ್ತಿಯ ಮುನ್ನಾ ವರ್ಷ. ದಾರದಿಂದ ಹೊಲಿದ ತೆಳು ಕಾಗದದ ಹಳೆಯ ಸಂಪುಟಗಳೆದುರು ನಿಂತಾಗ ನನಗೆ ಹೊಳೆದ ಸಂಗತಿ ಸರಳವಾಗಿತ್ತು. ತಾನ್ ಅವರು ಪುಸ್ತಕಗಳನ್ನಷ್ಟೇ ತರಲಿಲ್ಲ. ಅವುಗಳೊಂದಿಗೆ ತಾವೂ ಉಳಿದುಕೊಂಡರು. 1962ರ ಯುದ್ಧಕಾಲದ ಕಹಿಯನ್ನು ದಾಟಿ, 1983ರಲ್ಲಿ ಬೋಧಗಯೆಯಲ್ಲಿ ಕೊನೆಯುಸಿರೆಳೆಯುವವರೆಗೂ ಈ ನೆಲವನ್ನು ಬಿಡಲಿಲ್ಲ.

ಯುದ್ಧದ ನಂತರ ನಮಗೆ ಇನ್ನೊಂದು ಬಗೆಯ ಎಚ್ಚರ ಬಂತು. ದೆಹಲಿ ವಿಶ್ವವಿದ್ಯಾಲಯದಲ್ಲಿ 1964ರಲ್ಲಿ ಚೀನಾ ಅಧ್ಯಯನಕ್ಕೆ ವ್ಯವಸ್ಥೆಯಾಯಿತು. 2020ರ ಜೂನ್‌ನಲ್ಲಿ ಗಾಲ್ವಾನ್ ಕಣಿವೆಯಲ್ಲಿ ನಮ್ಮ ಇಪ್ಪತ್ತು ಯೋಧರು ಮಡಿದಾಗಲೂ ಚೀನಾವನ್ನು ಬಲ್ಲ ತಜ್ಞರೆಲ್ಲಿ ಎಂಬ ಕೂಗು ಎದ್ದಿತು. ಗಡಿಯಲ್ಲಿ ಗುಂಡು ಹಾರಿದ ಮೇಲೆ ನಿಘಂಟು ಹುಡುಕುವುದು ಬಾಯಾರಿದಾಗ ಬಾವಿ ತೋಡಿದಂತೆಯೇ ಸರಿ. ಭಾಷೆಯನ್ನು ಐದು ವರ್ಷಗಳಲ್ಲಿ ಕಲಿಸಬಹುದು, ಗ್ರಂಥಸಂಗ್ರಹಕ್ಕೆ ಮಾತ್ರ ಒಂದು ತಲೆಮಾರು ಬೇಕು.

ಅಮೆರಿಕದ ಉದಾಹರಣೆ ನೋಡೋಣ. ಬೀಜ ಮತ್ತು ಕೃಷಿಗ್ರಂಥಗಳನ್ನು ಕಳುಹಿಸಿದ ಆ ದೇಶಕ್ಕೆ ಪ್ರತಿಯಾಗಿ 1869ರಲ್ಲಿ ಚೀನಾದ ಚಕ್ರವರ್ತಿ 933 ಸಂಪುಟಗಳನ್ನು ಕೊಟ್ಟ. ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಚೀನೀ ಸಂಗ್ರಹ ಆರಂಭವಾದದ್ದು ಹಾಗೆ. ಹಾರ್ವರ್ಡ್‌ನಲ್ಲಿ ಆಲ್ಫ್ರೆಡ್ ಕೈಮಿಂಗ್ ಚಿಯು ಎಂಬ ಗ್ರಂಥಪಾಲಕರು 1965ರವರೆಗೆ ಸುಮಾರು ನಾಲ್ಕು ದಶಕ ಒಂದೇ ಸಂಗ್ರಹವನ್ನು ಕಟ್ಟಿದರು, ಅದಕ್ಕೆಂದೇ ಒಂದು ವರ್ಗೀಕರಣ ಪದ್ಧತಿಯನ್ನೂ ರೂಪಿಸಿದರು. ಇದಕ್ಕಿಂತ ನಮಗೆ ನಾಟಬೇಕಾದ ಸಂಗತಿ ಬೇರೊಂದಿದೆ. ಪಿ.ಎಲ್. 480 ಗೋಧಿಗೆ ನಾವು ರೂಪಾಯಿಯಲ್ಲಿ ತೆತ್ತ ಹಣದಿಂದಲೇ 1962ರಿಂದ ಆ ದೇಶ ನಮ್ಮ ಭಾಷೆಗಳ ಪುಸ್ತಕಗಳನ್ನು ಕೊಂಡು ತನ್ನ ವಿಶ್ವವಿದ್ಯಾಲಯಗಳಿಗೆ ಹಂಚಿತು. ನಮ್ಮಲ್ಲಿ ಸಿಗದ ಕನ್ನಡ ಕಾದಂಬರಿ ಶಿಕಾಗೋದಲ್ಲಿ ಸಿಗುವುದರ ಹಿಂದಿನ ಕಾರಣ ಇದು. ಅನ್ನ ಕೊಟ್ಟವನು ಅಕ್ಷರ ಕೊಂಡೊಯ್ದ, ಓದಿದ, ನಮ್ಮ ಬಗ್ಗೆ ನಮಗಿಂತ ಚೆನ್ನಾಗಿ ಬರೆದ.

ಹಾಗಾದರೆ ಸಂಗ್ರಹ ಕಟ್ಟುವುದೆಂದರೇನು? ಹಣ ಕೊಟ್ಟು ಸಾವಿರ ಪುಸ್ತಕ ತರಿಸುವುದಲ್ಲ. ಮೊದಲು ಬೇಕಾದವು ನಿಘಂಟು, ಭೂಗೋಳ ಕೋಶ, ಗ್ರಂಥಸೂಚಿ. ಅನಂತರ ಅಡಿಪಾಯದ ಗ್ರಂಥಗಳು: ಇಪ್ಪತ್ನಾಲ್ಕು ರಾಜವಂಶಗಳ ಇತಿಹಾಸ, ಜಪಾನಿನಲ್ಲಿ 1924ರಿಂದ 1934ರವರೆಗೆ ನೂರು ಸಂಪುಟಗಳಲ್ಲಿ ಅಚ್ಚಾದ ‘ತೈಶೊ’ ತ್ರಿಪಿಟಕ. ಸಂಸ್ಕೃತದಲ್ಲಿ ಕಳೆದುಹೋದ ಎಷ್ಟೋ ಬೌದ್ಧ ಗ್ರಂಥಗಳು ಚೀನೀ ಅನುವಾದದಲ್ಲಷ್ಟೇ ಬದುಕಿವೆ. ಇವು ನಮ್ಮವೇ ಆದ ಪುಸ್ತಕಗಳು, ಬೇರೊಬ್ಬರ ಕಪಾಟಿನಲ್ಲಿವೆ.

ಕೊಂಡ ಮೇಲೆ ಸೂಚಿಯ ಕಷ್ಟ ಆರಂಭ. ನಮ್ಮ ಪಠ್ಯಗಳ ಹ್ಯೂಯೆನ್ ತ್ಸಾಂಗ್ ಇಂದಿನ ಪಿನ್‌ಯಿನ್ ಪದ್ಧತಿಯಲ್ಲಿ ಷ್ವಾನ್‌ಜಾಂಗ್ ಆಗುತ್ತಾನೆ, ಪೀಕಿಂಗ್ ಬೀಜಿಂಗ್ ಆಗುತ್ತದೆ. ಲೈಬ್ರರಿ ಆಫ್ ಕಾಂಗ್ರೆಸ್ 2000ದಲ್ಲಿ ಹಳೆಯ ಪದ್ಧತಿ ಬಿಟ್ಟು ಪಿನ್‌ಯಿನ್‌ಗೆ ಹೊರಳಿದಾಗ ಲಕ್ಷಾಂತರ ನಮೂದುಗಳನ್ನು ತಿದ್ದಬೇಕಾಯಿತು. ಚೀನೀಯರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಕುವೆಂಪು ಅವರನ್ನು ‘ಕು’ದಲ್ಲಿ ಹುಡುಕಬೇಕೋ ‘ಪುಟ್ಟಪ್ಪ’ದಲ್ಲೋ ಎಂದು ಪೇಚಾಡಿದ ಕನ್ನಡದ ಗ್ರಂಥಪಾಲಕನಿಗೆ ಈ ತೊಡಕನ್ನು ವಿವರಿಸಬೇಕಾಗಿಲ್ಲ. ಇಲ್ಲಿ ಬೇಕಾದದ್ದು ಭಾಷೆ ಬಲ್ಲ ಒಬ್ಬ ಸೂಚೀಕಾರ. ಆತನಿಗೊಂದು ಕಾಯಂ ಹುದ್ದೆ ಕೇಳಿ ನಾನು ಬರೆದ ಟಿಪ್ಪಣಿಗೆ ಬಂದ ಉತ್ತರ ಇಂದಿಗೂ ನೆನಪಿದೆ: ‘ಎಷ್ಟು ಓದುಗರಿದ್ದಾರೆಂದು ಮೊದಲು ತಿಳಿಸಿ.’ ಸೂಚಿಯಿಲ್ಲದ್ದರಿಂದ ಓದುಗರಿಲ್ಲ, ಓದುಗರಿಲ್ಲದ್ದರಿಂದ ಸೂಚಿಯಿಲ್ಲ. ಈ ಗಾಣದ ಎತ್ತಿನ ಸುತ್ತಾಟದಲ್ಲೇ ನನ್ನ ಸೇವಾವಧಿ ಮುಗಿಯಿತು.

ಎಲ್ಲವೂ ಅಂತರ್ಜಾಲದಲ್ಲಿರುವಾಗ ಕಾಗದದ ಪುಸ್ತಕವೇಕೆ ಎಂದು ಕೇಳುವವರಿದ್ದಾರೆ. 2023ರ ಏಪ್ರಿಲ್‌ನಲ್ಲಿ ಚೀನಾದ ಅತಿದೊಡ್ಡ ವಿದ್ವತ್ ದತ್ತಾಂಶ ಕೋಶವಾದ ಸಿ.ಎನ್.ಕೆ.ಐ. ವಿದೇಶಿ ಸಂಸ್ಥೆಗಳಿಗೆ ಪ್ರೌಢ ಪ್ರಬಂಧಗಳು, ಅಂಕಿಅಂಶಗಳ ವಾರ್ಷಿಕ ಸಂಪುಟಗಳು ಮೊದಲಾದ ವಿಭಾಗಗಳನ್ನು ನಿರ್ಬಂಧಿಸಿತು. ಚಂದಾ ಕೊಟ್ಟು ಓದುವುದು ಬಾಡಿಗೆ ಮನೆಯ ವಾಸ. ಬೀಗ ಮಾಲೀಕನ ಕೈಯಲ್ಲಿರುತ್ತದೆ. ಕಪಾಟಿನಲ್ಲಿರುವ ಸಂಪುಟವನ್ನು ಬೇರೊಂದು ದೇಶದ ಆಜ್ಞೆ ಮುಚ್ಚಲಾರದು.

ಪ್ರತಿ ವಿಶ್ವವಿದ್ಯಾಲಯವೂ ಚೀನೀ ವಿಭಾಗ ತೆರೆಯಬೇಕೆಂದು ನಾನು ಹೇಳುತ್ತಿಲ್ಲ. ಕರ್ನಾಟಕಕ್ಕೆಲ್ಲ ಒಂದು ಸಾಕು. ಬೆಂಗಳೂರಿನಲ್ಲಿ ಒಂದು ಪಾಲು ಸಂಗ್ರಹ, ಒಬ್ಬ ಕಾಯಂ ಸೂಚೀಕಾರ, ವರ್ಷಕ್ಕೆ ಕಡಿತವಾಗದ ಒಂದು ಸಣ್ಣ ಮೊತ್ತ, ಇತಿಹಾಸ, ಬೌದ್ಧ ಅಧ್ಯಯನ ಮತ್ತು ಅರ್ಥಶಾಸ್ತ್ರದ ವಿದ್ಯಾರ್ಥಿಗಳಲ್ಲಿ ನಾಲ್ವರಿಗೆ ಭಾಷೆ ಕಲಿಯಲು ವೇತನ. ಇಷ್ಟನ್ನು ಇಪ್ಪತ್ತು ವರ್ಷ ನಿಲ್ಲಿಸದೆ ನಡೆಸಿದರೆ ಸಾಕು. ಗಡಿಯಲ್ಲಿ ಬಿಸಿಯೇರಿದಾಗ ಹೆಚ್ಚಿಸಿ, ತಣಿದಾಗ ಕತ್ತರಿಸಿದರೆ ಏನೂ ಉಳಿಯದು.

ಎಸ್.ಆರ್. ರಂಗನಾಥನ್ ಅವರು 1962ರಲ್ಲಿ ಬೆಂಗಳೂರಿನಲ್ಲೇ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು, 1972ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. ಪುಸ್ತಕವಿರುವುದು ಬಳಕೆಗೆ, ಪ್ರತಿ ಪುಸ್ತಕಕ್ಕೂ ಒಬ್ಬ ಓದುಗನಿದ್ದಾನೆ ಎಂಬುದು ಅವರ ಸೂತ್ರಗಳ ತಿರುಳು. ಪರೀಕ್ಷೆಗಾಗಿ ಅವನ್ನು ಬಾಯಿಪಾಠ ಮಾಡಿದ್ದ ನಾನೇ, ಓದುಗಳು ಎದುರಿಗೆ ನಿಂತಾಗ ಪುಸ್ತಕವಿಲ್ಲವೆಂದೆ. ನಿವೃತ್ತನಾಗುವ ಮುನ್ನ ‘ಚೀನೀ ಪುಸ್ತಕ–43’ನ್ನು ಬಿಚ್ಚಿಸಿ, ಬಲಬದಿಯಿಂದ ತೆರೆಯುವಂತೆ ಮತ್ತೆ ಕಟ್ಟಿಸಿ, ಅದರ ನಿಜವಾದ ಹೆಸರನ್ನು ಬೆನ್ನಿನ ಮೇಲೆ ಬರೆಸಿದೆ. ಉಳಿದವುಗಳಲ್ಲಿ ಹೆಚ್ಚಿನವು ನಾನು ಹೊರಡುವಾಗಲೂ ಸಂಖ್ಯೆಗಳಾಗಿಯೇ ಇದ್ದವು.